ಒಂದೇ ಅಮಾವಾಸ್ಯೆ, ಹಲವು ಹಬ್ಬ, ಒಂದು ಡೆಲಿವರಿ ಡೇಟ್

ಆಯುಧಪೂಜೆಯ ಹಿಂದಿನ ದಿನ ಬೆಳಗಿನ ಪಾಳಿ ಮುಗಿಯುವ ಮೊದಲೇ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದ ಸದ್ದು ಬೇರೆಯಾಗುತ್ತದೆ. ಕಬ್ಬಿಣ ಕೊರೆಯುವ ಕೀರಲು ಒಂದೊಂದೇ ಶೆಡ್ಡಿನಲ್ಲಿ ನಿಂತು, ಬಕೆಟ್ಟಿನ ನೀರಿನ, ಕಡ್ಡಿಪೊರಕೆಯ, ಏರ್‌ಗನ್ನಿನ ಬುಸ್ಸೆನ್ನುವ ಗಾಳಿಯ ಸದ್ದು ಏಳುತ್ತದೆ. ಕೂಲೆಂಟ್ ಟ್ಯಾಂಕು ಬರಿದಾಗುತ್ತದೆ. ಸುರುಳಿ ಸುತ್ತಿದ ಲೋಹದ ಚೂರುಗಳು ಗೋಣಿಚೀಲ ಸೇರಿ ಗುಜರಿಯವನ ಟೆಂಪೋ ಹತ್ತುತ್ತವೆ. ವರ್ಷವಿಡೀ ಎಣ್ಣೆ ಕುಡಿದು ಕಪ್ಪಾದ ನೆಲದ ಮೇಲೆ ಸೋಪಿನ ಪುಡಿ ಬೀಳುತ್ತದೆ. ಬನಿಯನ್ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಲೇತಿನ ಬೆಡ್ ಒರೆಸುತ್ತಿರುವ ಹುಡುಗನಿಗೆ ಇವತ್ತು ಟಾರ್ಗೆಟ್ ಇಲ್ಲ. ಅವನ ಕೈಗೆ ಅವಸರವೂ ಇಲ್ಲ.

ಸಿಎನ್‌ಸಿ ಮಷೀನಿನ ಬಾಗಿಲಿಗೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ಕಂಟ್ರೋಲ್ ಪ್ಯಾನೆಲ್ಲಿನ ಬಟನ್ನುಗಳಿಗೆ ತಾಗದ ಹಾಗೆ ಸೇವಂತಿಗೆ ಹಾರ. ಶೆಡ್ಡಿನ ಬಾಗಿಲಿಗೆ ಬಾಳೆಕಂದು, ಮಾವಿನ ತೋರಣ. ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ವರ್ನಿಯರ್, ಮೈಕ್ರೋಮೀಟರ್, ಪ್ಲಗ್ ಗೇಜುಗಳನ್ನು ಸಾಲಾಗಿ ಇಟ್ಟಿದ್ದಾರೆ. ಪಕ್ಕದಲ್ಲಿ ತಯಾರಾದ ಮಾಲಿನ ಒಂದು ಪೀಸು, ಅದರ ಕೆಳಗೆ ಮಡಚಿದ ಡ್ರಾಯಿಂಗು. ಅಳತೆಯೆಲ್ಲ ಮಿಲಿಮೀಟರಿನಲ್ಲಿ, ಟಿಪ್ಪಣಿಯೆಲ್ಲ ಜರ್ಮನ್ ಭಾಷೆಯಲ್ಲಿ. ಅದಕ್ಕೂ ಅರಿಶಿನ ಕುಂಕುಮ ಬಿದ್ದಿದೆ. ಪುರಿ, ಕಡ್ಲೆ, ಬಾಳೆಹಣ್ಣು, ಬೂಂದಿಯ ಸ್ವೀಟ್ ಬಾಕ್ಸು ಹಂಚಲು ಸಿದ್ಧ. ಫೋರ್ಕ್‌ಲಿಫ್ಟಿನ ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಬೂದುಗುಂಬಳದ ತಲೆ ಕೊರೆದು ಒಳಗೆ ಕುಂಕುಮ, ಚಿಲ್ಲರೆ ಕಾಸು ತುಂಬಿದ್ದಾರೆ. ರಸ್ತೆಯ ನಡುವೆ ಒಡೆಯಬೇಡಿ, ಬೈಕಿನವರು ಜಾರಿ ಬೀಳುತ್ತಾರೆ ಎಂದು ಸಂಚಾರ ಪೊಲೀಸರು ಪ್ರತಿವರ್ಷ ಕೇಳಿಕೊಳ್ಳುತ್ತಾರೆ.

ಹಬ್ಬದ ದಿನ ಮನೆಯ ಗಾಡಿ ತೊಳೆಯುವುದಿರುತ್ತದೆ. ಹಾಗಾಗಿ ಪೀಣ್ಯದ ಎಷ್ಟೋ ಶೆಡ್ಡುಗಳಲ್ಲಿ ಪೂಜೆ ಹಿಂದಿನ ದಿನವೇ. 2025ರಲ್ಲಿ ಆ ಹಿಂದಿನ ದಿನ ಸೆಪ್ಟೆಂಬರ್ 30, ಮಂಗಳವಾರ. ಆಫೀಸಿನ ಗೋಡೆಗೆ ತೂಗುಹಾಕಿದ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಪ್ರಕಾರ ಮಂಗಳವಾರದ ರಾಹುಕಾಲ ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಅಷ್ಟರೊಳಗೆ ಮಂಗಳಾರತಿ ಆಗಬೇಕು, ಸಿದ್ಧವಾದ ಮಾಲಿನ ಲಾರಿಯೂ ಗೇಟು ದಾಟಬೇಕು. ನಮ್ಮಲ್ಲಿ ಮೂರು ಗಂಟೆಯಾದಾಗ ಸ್ಟುಟ್‌ಗಾರ್ಟಿನಲ್ಲಿ ಬೆಳಗಿನ ಹನ್ನೊಂದೂವರೆ. ಡ್ರಾಯಿಂಗಿನ ಒಂದು ಅನುಮಾನಕ್ಕೆ ಅಲ್ಲಿಂದ ಉತ್ತರ ಬರುವುದಿದ್ದರೆ ಅದೂ ಇವತ್ತೇ ಬರಬೇಕು. ಯಾಕೆಂದರೆ ಬುಧವಾರ ಆಯುಧಪೂಜೆ. ಗುರುವಾರ ಅಕ್ಟೋಬರ್ 2, ವಿಜಯದಶಮಿ, ಗಾಂಧಿ ಜಯಂತಿ ಎರಡೂ. ಶುಕ್ರವಾರ ನಾವು ಬಾಗಿಲು ತೆಗೆದರೆ ಅವರು ಹಾಕಿರುತ್ತಾರೆ. ಅಕ್ಟೋಬರ್ 3 ಜರ್ಮನಿ ಒಂದಾದ ದಿನದ ರಜೆ. ಆಮೇಲೆ ಶನಿವಾರ, ಭಾನುವಾರ. ಇನ್ನು ಮಾತು ಸೋಮವಾರವೇ.

ಅದೇ ವಾರ ಚೀನಾದಿಂದ ಬೇರಿಂಗು, ಸರ್ಕ್ಯೂಟ್ ಬೋರ್ಡು ತರಿಸುವವರಿಗೂ ಫೋನು ಹತ್ತಲಿಲ್ಲ. ಅಲ್ಲಿ ರಾಷ್ಟ್ರೀಯ ದಿನವೂ ಮಧ್ಯಶರತ್ಕಾಲದ ಹಬ್ಬವೂ ಸೇರಿ ಅಕ್ಟೋಬರ್ 1ರಿಂದ 8ರವರೆಗೆ ರಜೆ. ಹುಣ್ಣಿಮೆಯ ಆ ಹಬ್ಬ ಬಿದ್ದದ್ದು 6ನೇ ತಾರೀಕು, ಕೊರಿಯಾದ ಚುಸೊಕ್ ಕೂಡ ಅಂದೇ. ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳಲ್ಲಿ ಇಸ್ರೇಲಿನ ತಂಡದ ಜೊತೆ ಕೆಲಸ ಮಾಡುವವರಿಗೆ ಅಕ್ಟೋಬರ್ 1ರ ಸಂಜೆಯಿಂದ 2ರ ಸಂಜೆಯವರೆಗೆ ಆ ಕಡೆ ಪೂರ್ತಿ ಮೌನ. ಅದು ಯೋಮ್ ಕಿಪ್ಪುರ್, ಯಹೂದಿಗಳ ಪ್ರಾಯಶ್ಚಿತ್ತದ ಉಪವಾಸ. ಟೆಲ್ ಅವೀವ್‌ನಲ್ಲಿ ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ.

ಇದನ್ನೆಲ್ಲ ಕಾಕತಾಳೀಯ ಎಂದು ಬಿಟ್ಟುಬಿಡಲು ನನಗೆ ಮನಸ್ಸಾಗುವುದಿಲ್ಲ. 2025ರ ಸೆಪ್ಟೆಂಬರ್ 22ರಂದು ನಮ್ಮ ನವರಾತ್ರಿಯ ಪಾಡ್ಯ. ಅಂದೇ ಸಂಜೆ ಯಹೂದಿಗಳ ಹೊಸ ವರ್ಷ. ಎರಡೂ ಒಂದೇ ಅಮಾವಾಸ್ಯೆಯಿಂದ ಲೆಕ್ಕ ಹಿಡಿದವು. ಅದೇ ಚಂದ್ರ ತುಂಬಿದ ದಿನ ಚೀನಾದ ಹಬ್ಬ. 2026ರ ಫೆಬ್ರುವರಿಯ ಅಮಾವಾಸ್ಯೆಯ ಸುತ್ತಲೂ ಇದೇ ಕಥೆ: 15ಕ್ಕೆ ಶಿವರಾತ್ರಿ, 17ಕ್ಕೆ ಚೀನೀ ಹೊಸ ವರ್ಷ, ಅದರ ಬೆನ್ನಿಗೇ ರಂಜಾನ್ ಉಪವಾಸ, 18ಕ್ಕೆ ಕ್ರೈಸ್ತರ ಬೂದಿ ಬುಧವಾರ. ನಮ್ಮ ಪಂಚಾಂಗ, ಯಹೂದಿ ಪಂಚಾಂಗ, ಚೀನೀ ಪಂಚಾಂಗ ಮೂರೂ ಆಗಾಗ ಅಧಿಕ ಮಾಸ ಸೇರಿಸಿ ಚಂದ್ರನನ್ನು ಸೂರ್ಯನ ಜೊತೆಗೆ ತಂದು ನಿಲ್ಲಿಸುತ್ತವೆ. ಅದಕ್ಕೇ ದಸರೆ ಸೆಪ್ಟೆಂಬರ್, ಅಕ್ಟೋಬರ್ ಬಿಟ್ಟು ಓಡುವುದಿಲ್ಲ. ಇಸ್ಲಾಮಿನ ಹಿಜರಿ ವರ್ಷದಲ್ಲಿ ಅಧಿಕ ಮಾಸವಿಲ್ಲ. ರಂಜಾನ್ ವರ್ಷ ವರ್ಷಕ್ಕೂ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, ಮಳೆ, ಚಳಿ, ಬೇಸಿಗೆ ಎಲ್ಲವನ್ನೂ ಸುತ್ತಿ ಬರುತ್ತದೆ.

ಪೀಣ್ಯದ ಶೆಡ್ಡಿನಲ್ಲಿ ಇದೆಲ್ಲ ಬಂದು ಬೀಳುವುದು ಒಬ್ಬನ ತಲೆಯ ಮೇಲೆ. ಪ್ಲಾನಿಂಗ್ ನೋಡಿಕೊಳ್ಳುವ ಸೂಪರ್‌ವೈಸರ್ ಅವನು. ಕಂಪನಿ ದೊಡ್ಡದಾದರೆ ಪಿಪಿಸಿ ವಿಭಾಗ, ಸಣ್ಣದಾದರೆ ಮಾಲೀಕನ ಭಾವಮೈದುನ. ಅಂತರರಾಷ್ಟ್ರೀಯ ವ್ಯಾಪಾರ ಎಂದೊಡನೆ ನಮಗೆ ಸುಂಕ, ಡಾಲರ್ ದರ, ಒಪ್ಪಂದ ನೆನಪಾಗುತ್ತವೆ. ಆದರೆ ದಿನದಿನದ ವ್ಯಾಪಾರ ನಡೆಯುವುದು ಯಾರು ಯಾವತ್ತು ದೇವರ ಮುಂದೆ ಕೂರುತ್ತಾರೆ ಎಂಬ ತಿಳಿವಳಿಕೆಯ ಮೇಲೆ. ಈ ಸೂಪರ್‌ವೈಸರಿಗೆ ಅದು ಬಾಯಿಪಾಠ. ಚೀನೀ ಹೊಸ ವರ್ಷಕ್ಕೆ ವಾರಗಟ್ಟಲೆ ಮಾಲು ಬರದು, ಡಿಸೆಂಬರಿನಲ್ಲೇ ಸ್ಟಾಕು ಮಾಡಬೇಕು. ಜಪಾನಿನವರು ಏಪ್ರಿಲ್ ಕೊನೆ, ಮೇ ಮೊದಲ ವಾರ ಸಿಗುವುದಿಲ್ಲ. ದಕ್ಷಿಣ ಜರ್ಮನಿಯಲ್ಲಿ ಕ್ರಿಸ್‌ಮಸ್ ಹಿಂದಿನ ದಿನ ಮುಚ್ಚಿದ ಬಾಗಿಲು ಎಷ್ಟೋ ಕಡೆ ಜನವರಿ 6ರ ಹಬ್ಬ ಕಳೆದೇ ತೆಗೆಯುವುದು. ಜರ್ಮನಿಯಲ್ಲಿ ಭಾನುವಾರದ ವಿಶ್ರಾಂತಿಗೆ ಸಂವಿಧಾನದ್ದೇ ಕಾವಲಿದೆ. ಏಳೂವರೆ ಟನ್ನಿಗಿಂತ ದೊಡ್ಡ ಲಾರಿ ಅಂದು ರಾತ್ರಿ ಹತ್ತರವರೆಗೆ ರಸ್ತೆಗಿಳಿಯುವ ಹಾಗಿಲ್ಲ. ಶನಿವಾರ ರಾತ್ರಿ ಹ್ಯಾಂಬರ್ಗಿಗೆ ಬಂದಿಳಿದ ಪೀಣ್ಯದ ಪೆಟ್ಟಿಗೆಯೂ ಆ ಪ್ರಾರ್ಥನೆಯ ದಿನಕ್ಕೆ ತಲೆಬಾಗಿ ನಿಲ್ಲುತ್ತದೆ.

ವ್ಯಾಪಾರವೂ ಧರ್ಮವೂ ಕೂಡಿದ ಈ ಬಾಳುವೆ ಕನ್ನಡ ನಾಡಿಗೆ ಹೊಸದಲ್ಲ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘ ವೀರಬಣಂಜು ಧರ್ಮವನ್ನು ಪಾಲಿಸುವವರು ತಾವು ಎಂದು ಶಾಸನಗಳಲ್ಲಿ ಹೇಳಿಕೊಂಡಿತು. ಮಾರಿದ ಹೇರಿನ ಲೆಕ್ಕದಲ್ಲಿ ದೇವಾಲಯ, ಬಸದಿಗಳಿಗೆ ದತ್ತಿ ಬಿಟ್ಟಿತು. ಐನೂರ್ವರ ಹೆಸರಿನ ತಮಿಳು ಶಾಸನವೊಂದು ಸುಮಾತ್ರಾದ ಬಾರುಸ್ ಬಳಿ ಸಿಕ್ಕಿದೆ, ಕಾಲ ಕ್ರಿ.ಶ. 1088. ಮೊಹರು ಹಾಕಿದ ಕರಾರಾಗಲಿ, ವಿಮೆಯಾಗಲಿ ಇಲ್ಲದ ಕಡಲಾಚೆಯ ಊರಿನಲ್ಲಿ ಒಬ್ಬ ವರ್ತಕನನ್ನು ಇನ್ನೊಬ್ಬ ನಂಬುವುದಕ್ಕೆ ಒಂದೇ ಧರ್ಮದ ಆಣೆ ಬೇಕಾಗಿತ್ತು.

ಪೀಣ್ಯದ ಆಸುಪಾಸಿನ ಕಬ್ಬಿಣದ ಕಸುಬು ಮೊದಲಿನಿಂದಲೂ ಹೊರದೇಶದವರ ಜೊತೆ ಕೂಡಿಯೇ ಬೆಳೆದದ್ದು. 1953ರಲ್ಲಿ ಜಾಲಹಳ್ಳಿಯ ಎಚ್‌ಎಂಟಿಗೆ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಜೊತೆಯಾಯಿತು. 1961ರಲ್ಲಿ ಜರ್ಮನಿಯ ಫ್ರಿಟ್ಜ್ ವರ್ನರ್ ಹೆಸರು ಹೊತ್ತ ಭಾರತ್ ಫ್ರಿಟ್ಜ್ ವರ್ನರ್ ಶುರುವಾಯಿತು. ಅದೇ ವರ್ಷ ಎಚ್‌ಎಂಟಿ ಕೈಗಡಿಯಾರಕ್ಕೆ ಜಪಾನಿನ ಸಿಟಿಜನ್ ಕೈಹಿಡಿಯಿತು. ಅಲ್ಲೆಲ್ಲ ಕೈ ಪಳಗಿಸಿಕೊಂಡವರು ಮುಂದೆ ಒಂದೊಂದು ಲೇತು ಹಾಕಿಕೊಂಡು ಜಾಬ್ ವರ್ಕ್ ಹಿಡಿದರು. ವಿದೇಶದ ಪಾರ್ಟಿ ಕಾರ್ಖಾನೆ ನೋಡಲು ಬಂದಾಗ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಯಾರೂ ಅವರಿಗೆ ತರಗತಿಯಲ್ಲಿ ಕಲಿಸಲಿಲ್ಲ.

ಜಪಾನಿನವರ ವಿಷಯದಲ್ಲಿ ಅದು ಸಲೀಸಾಗಿಯೇ ಕೂಡಿಬಂತು ಎನಿಸುತ್ತದೆ. ಪೀಣ್ಯದ ಗೋಡೆಗಳಲ್ಲಿ ಲಕ್ಷ್ಮಿ ಪಟದ ಪಕ್ಕದಲ್ಲೇ 5ಎಸ್ ಬೋರ್ಡು ಇರುತ್ತದೆ: ಬೇಡದ್ದನ್ನು ತೆಗೆ, ಇರುವುದನ್ನು ಅದರ ಜಾಗದಲ್ಲಿಡು, ತೊಳೆ, ಅದನ್ನೇ ರೂಢಿ ಮಾಡಿಕೊ, ಶಿಸ್ತಿನಿಂದ ಉಳಿಸಿಕೊ. ಆಯುಧಪೂಜೆಯ ಹಿಂದಿನ ದಿನ ನಮ್ಮವರು ಮಾಡುವುದು ಬಹುಪಾಲು ಇದನ್ನೇ. ಜಪಾನಿನಲ್ಲಿ ಕಟ್ಟಡಕ್ಕೆ ಪಾಯ ತೆಗೆಯುವ ಮೊದಲು ಶಿಂಟೋ ಪುರೋಹಿತರನ್ನು ಕರೆಸಿ ಜಿಚಿನ್‌ಸಾಯ್ ಮಾಡಿಸುತ್ತಾರೆ, ನಮ್ಮ ಗುದ್ದಲಿಪೂಜೆಯ ಹಾಗೆ. ಫೆಬ್ರುವರಿ 8ಕ್ಕೆ ಟೋಕಿಯೋ ಸೀಮೆಯ ಹೊಲಿಗೆಯವರು ವರ್ಷವಿಡೀ ದುಡಿದು ಮುರಿದ ಸೂಜಿಗಳನ್ನು ದೇಗುಲಕ್ಕೆ ಒಯ್ದು, ಮೆತ್ತಗಿನ ತೋಫುವಿನಲ್ಲಿ ಚುಚ್ಚಿಟ್ಟು ಕೈಮುಗಿಯುತ್ತಾರೆ. ಮುರಿದ ಸೂಜಿಗೆ ಋಣ ತೀರಿಸುವ ನಾಡಿನಿಂದ ಬಂದವನಿಗೆ ಲೇತಿಗೆ ಕುಂಕುಮವಿಡುವುದು ವಿಚಿತ್ರವಾಗಿ ಕಾಣಬೇಕಿಲ್ಲ. ಬೆಂಗಳೂರಿನಲ್ಲಿ ಜಪಾನಿನವರು 2005ರಿಂದ ನಡೆಸುತ್ತ ಬಂದ ಉತ್ಸವಕ್ಕೂ ‘ಜಪಾನ್ ಹಬ್ಬ’ ಎಂದೇ ಹೆಸರು.

ಪೀಣ್ಯದ ಗಾರ್ಮೆಂಟ್ ಕಾರ್ಖಾನೆಗಳ ದೃಶ್ಯ ಬೇರೆ. ಅಮೆರಿಕ, ಯೂರೋಪಿನ ಅಂಗಡಿಗಳಲ್ಲಿ ಕ್ರಿಸ್‌ಮಸ್ಸಿಗೆ ಮಾರುವ ಬಟ್ಟೆಯನ್ನು ಇಲ್ಲಿ ಹೊಲಿಯುವುದು ಮಳೆಗಾಲದಲ್ಲಿ. ಹಡಗಿನ ಪ್ರಯಾಣಕ್ಕೇ ವಾರಗಳು ಬೇಕು. ಹಾಗಾಗಿ ಅವರ ಹಬ್ಬದ ಅವಸರ ನಮ್ಮ ಶ್ರಾವಣದ ಮೇಲೆ ಬಂದು ಬೀಳುತ್ತದೆ. ವರಮಹಾಲಕ್ಷ್ಮಿಯ ಶುಕ್ರವಾರ ಹತ್ತಿರ ಬಂದಾಗಲೇ ಲೈನಿನಲ್ಲಿ ಪೀಸಿನ ಲೆಕ್ಕ ಏರುತ್ತದೆ. ಕೈತುಂಬ ಹಸಿರು ಬಳೆ, ಮುಡಿಯಲ್ಲಿ ಮಲ್ಲಿಗೆ, ಕೈಯಲ್ಲಿ ಹಿಮದ ಚಿತ್ರದ ಮಕ್ಕಳ ರಾತ್ರಿಯುಡುಪು. ಹಬ್ಬದ ಮುನ್ನಾದಿನ ಓಟಿ ಮುಗಿಸಿ ಹೊರಟ ಹೆಂಗಸರು ದಾಸರಹಳ್ಳಿಯ ಹೂವಿನ ಗಾಡಿಗಳ ಮುಂದೆ ರಾತ್ರಿ ಚೌಕಾಸಿ ಮಾಡುತ್ತಾರೆ. ಅಂದು ಹೂವಿನ ಬೆಲೆಯೂ ಹತ್ತಿದ್ದು ಇಳಿಯುವುದಿಲ್ಲ. ಹಿಮ ನೋಡಿರದ ಊರಿನ ತಾಯಂದಿರು ಹಿಮದ ನಾಡಿನ ಮಕ್ಕಳಿಗೆ ಹಬ್ಬದ ಬಟ್ಟೆ ಕೊಡುತ್ತಾರೆ. ಅವರ ಸ್ವಂತ ಮಕ್ಕಳ ಹಬ್ಬದ ಹೊತ್ತು ಕಡಿಮೆಯಾಗಬಾರದು ಎಂದು ಕೇಳುವವರು ಯಾರು?

ವೈಟ್‌ಫೀಲ್ಡಿಗೆ ಬಂದರೆ ಅಂಗಳವೇ ಬೇರೆ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಕೊಟ್ಟ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಕಟ್ಟಿಕೊಂಡ ಹಳ್ಳಿ ಇದು. ಅವರ ಹಳೆಯ ಚರ್ಚು, ಕಾಡುಗೋಡಿಯ ಸತ್ಯಸಾಯಿ ಆಶ್ರಮ, ಸಿಂಗಾಪುರದ ಪಾಲುದಾರಿಕೆಯಲ್ಲಿ ತೊಂಬತ್ತರ ದಶಕದಲ್ಲಿ ಎದ್ದ ಐಟಿಪಿಎಲ್ ಒಂದಕ್ಕೊಂದು ಕೂಗಳತೆಯಲ್ಲಿವೆ. ಕಂಟೇನರ್ ಡಿಪೋ ಕಡೆ ಹೋದರೆ ಬಣ್ಣಬಣ್ಣದ ಉಕ್ಕಿನ ಪೆಟ್ಟಿಗೆಗಳು ಅಂತಸ್ತಿನ ಮೇಲೆ ಅಂತಸ್ತಾಗಿ ನಿಂತಿವೆ. ಸಮುದ್ರವಿಲ್ಲದ ಊರಿನ ಬಂದರು. ಇಲ್ಲಿ ಕಸ್ಟಮ್ಸ್ ಮುಗಿಸಿ ರೈಲು ಹತ್ತಿದರೆ ಮುಂದೆ ಕಡಲು.

ಕರ್ನಾಟಕದಿಂದ ಹೊರಗೆ ಹೋಗುವ ಸರಕಿನಲ್ಲಿ ನನ್ನ ಮನಸ್ಸು ಹಿಡಿದದ್ದು ಮಿಡಿಸೌತೆ. ನಮ್ಮಲ್ಲಿ ಯಾರೂ ಹೆಚ್ಚಾಗಿ ತಿನ್ನದ ಈ ಬೆರಳುದ್ದದ ಕಾಯಿಯನ್ನು ತೊಂಬತ್ತರ ದಶಕದಲ್ಲಿ ಸಣ್ಣದಾಗಿ ಇಲ್ಲಿ ಶುರುಮಾಡಿದರು. ಇಂದು ಜಗತ್ತಿಗೆ ಬೇಕಾದ ಮಿಡಿಸೌತೆಯಲ್ಲಿ ಸುಮಾರು ಶೇ 15ರಷ್ಟು ಭಾರತದ ಹೊಲಗಳದು. 2020-21ರಲ್ಲಿ ಹೊರಹೋದದ್ದು 2.23 ಲಕ್ಷ ಟನ್, ಬೆಲೆ 22.3 ಕೋಟಿ ಡಾಲರ್. ತುಮಕೂರು, ಹಾಸನ, ದಾವಣಗೆರೆ ಸೀಮೆಯ ರೈತನ ಹೆಂಡತಿ ಮುಂಜಾನೆ ಕೊಯ್ದ ಕಾಯಿ ಉಪ್ಪುನೀರು, ವಿನೆಗರ್ ಸೇರಿ ಡ್ರಮ್ಮಿನಲ್ಲೋ ಬಾಟಲಿಯಲ್ಲೋ ಕೂರುತ್ತದೆ. ಆಗ ಏಳುತ್ತವೆ ಧರ್ಮದ ಪ್ರಶ್ನೆಗಳು. ಯಹೂದಿ ಗಿರಾಕಿಗೆ ಕೋಷರ್ ಪ್ರಮಾಣಪತ್ರ ಬೇಕು. ವಿನೆಗರ್ ದ್ರಾಕ್ಷಿಯದೋ, ಕಬ್ಬಿನ ಮಡ್ಡಿಯದೋ? ದ್ರಾಕ್ಷಿಯದಾದರೆ ಅದಕ್ಕೆ ಬೇರೆಯೇ ಕಟ್ಟಳೆ. ಕಾಯಿಯಲ್ಲಿ ಹುಳು ಇಲ್ಲವಷ್ಟೆ? ಅದೇ ಪಾತ್ರೆಯಲ್ಲಿ, ಅದೇ ಬಾಯ್ಲರಿನ ಹಬೆಯಲ್ಲಿ ನಿಷಿದ್ಧವಾದದ್ದೇನಾದರೂ ಬೆಂದಿತ್ತೇ? ಪರೀಕ್ಷಿಸುವವರು ಕಾರ್ಖಾನೆಗೇ ಬಂದು ಪೈಪಿನ ಜಾಡು ಹಿಡಿದು ನೋಡುತ್ತಾರೆ. ಕೊಲ್ಲಿಯ ಗಿರಾಕಿಗೆ ಹಲಾಲ್ ಮೊಹರು. ಪಾತ್ರೆ, ಮುಸುರೆ, ಮಡಿ ಎಂದರೆ ಏನೆಂದು ನಮ್ಮ ಅಜ್ಜಿಯಂದಿರಿಗೆ ಹೇಳಿಕೊಡಬೇಕಾಗಿರಲಿಲ್ಲ. ಅಂಥದೇ ಕಾಳಜಿ ಇಲ್ಲಿ ಸಹಿ, ಸೀಲು, ಬ್ಯಾಚ್ ನಂಬರಿನ ಜೊತೆ ಹಡಗು ಹತ್ತುತ್ತದೆ.

ಔಷಧಕ್ಕೂ ಈ ಪ್ರಶ್ನೆ ತಪ್ಪಿದ್ದಲ್ಲ. 1920ರ ದಶಕದಿಂದ ಬಹುಕಾಲ ಇನ್ಸುಲಿನ್ ಬರುತ್ತಿದ್ದದ್ದು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ. ಒಂದನ್ನು ಮುಸ್ಲಿಮರು, ಯಹೂದಿಗಳು ಮುಜುಗರದಿಂದ ಚುಚ್ಚಿಸಿಕೊಂಡರು, ಇನ್ನೊಂದನ್ನು ಹಿಂದೂಗಳು. 1978ರಲ್ಲಿ ಹುಟ್ಟಿ, ಪರಂಗಿಹಣ್ಣಿನ ಕಿಣ್ವವನ್ನೂ ಬಿಯರ್ ತಿಳಿಗೊಳಿಸುವ ಮೀನಿನ ಪದಾರ್ಥವನ್ನೂ ರಫ್ತು ಮಾಡುತ್ತ ಬೆಳೆದ ಬಯೋಕಾನ್, 2004ರಲ್ಲಿ ಯೀಸ್ಟ್ ಬಳಸಿ ಮಾಡಿದ ಇನ್ಸುಲಿನ್ ಹೊರತಂದಿತು. ಅಂಥ ತಂತ್ರಜ್ಞಾನ ಬಂದದ್ದು ಮುಖ್ಯವಾಗಿ ಶುದ್ಧತೆಗೆ, ಪೂರೈಕೆಗೆ. ಆದರೆ ಪ್ರಾಣಿಯ ಪ್ರಶ್ನೆಯೇ ಅದರಲ್ಲಿ ಇಲ್ಲವಾಯಿತು. ಮುಂದೆ ಆ ಕಂಪನಿ ಮಲೇಷ್ಯಾದ ಜೊಹೊರ್‌ನಲ್ಲಿ ಇನ್ಸುಲಿನ್ ಕಾರ್ಖಾನೆ ಕಟ್ಟಿತು.

ಇನ್ನು ಎಲೆಕ್ಟ್ರಾನಿಕ್ ಸಿಟಿ. ಎಪ್ಪತ್ತರ ದಶಕದಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಂಡ ಕನಸು. ಇಲ್ಲಿ ಹೋಗಿಬರುವ ಸರಕು ಕಣ್ಣಿಗೆ ಕಾಣದ್ದು, ಆದರೆ ಧರ್ಮ ಅದರೊಳಗೂ ಇಳಿದಿದೆ. ಇನ್ಫೊಸಿಸ್‌ನ ಫಿನಾಕಲ್ ಬ್ಯಾಂಕಿಂಗ್ ತಂತ್ರಾಂಶದಲ್ಲಿ ಇಸ್ಲಾಮೀ ಬ್ಯಾಂಕುಗಳಿಗೆಂದೇ ಒಂದು ಭಾಗವಿದೆ. ಷರಿಯತ್ತಿನಲ್ಲಿ ಬಡ್ಡಿ ನಿಷಿದ್ಧ. ಹಾಗಾದರೆ ಕಾರು ಕೊಳ್ಳುವವನಿಗೆ ಬ್ಯಾಂಕು ಹೇಗೆ ನೆರವಾಗಬೇಕು? ಮುರಾಬಹಾ ಎಂಬ ಕ್ರಮದಲ್ಲಿ ಬ್ಯಾಂಕು ತಾನೇ ಕಾರನ್ನು ಕೊಂಡು, ಲಾಭವೆಷ್ಟೆಂದು ಮುಚ್ಚಿಡದೆ ಹೇಳಿ, ಗಿರಾಕಿಗೆ ಕಂತಿನ ಮೇಲೆ ಮಾರುತ್ತದೆ. ಬೆಲೆ ಒಮ್ಮೆ ನಿಂತರೆ ನಿಂತಿತು. ಕಂತು ತಡವಾದರೂ ಸಾಲದಂತೆ ಬೆಳೆಯುವ ಹಾಗಿಲ್ಲ. ತಂತ್ರಾಂಶಕ್ಕೆ ಇದು ಹೆಸರು ಬದಲಿಸಿದ ಬಡ್ಡಿಯಲ್ಲ. ಮೊದಲು ಸ್ವತ್ತು ಬ್ಯಾಂಕಿನ ಹೆಸರಿಗೆ ಬರಬೇಕು, ಆಮೇಲೆಯೇ ಮಾರಾಟದ ನಮೂದು. ಹೆಜ್ಜೆ ಹಿಂದುಮುಂದಾದರೆ ವ್ಯವಹಾರವೇ ಅಸಿಂಧು.

ಇಂಥ ಲೆಕ್ಕವನ್ನು ಬರೆದು, ಪರೀಕ್ಷೆ ಮಾಡುವ ಹುಡುಗಿ ಶಿವಮೊಗ್ಗದವಳಿರಬಹುದು, ಕೊಪ್ಪಳದವಳಿರಬಹುದು. ಅವಳ ಸ್ವಂತ ಖಾತೆಗೆ ಈ ಕ್ರಮ ಸಿಗುವುದಿಲ್ಲ. ಭಾರತದಲ್ಲಿ ಅಂಥ ಬಡ್ಡಿರಹಿತ ವಿಭಾಗ ತೆರೆಯುವ ಪ್ರಸ್ತಾಪವನ್ನು ರಿಸರ್ವ್ ಬ್ಯಾಂಕ್ ಕೈಬಿಟ್ಟಿದ್ದು 2017ರಲ್ಲಿ ತಿಳಿದುಬಂತು. ಆದರೂ ತನ್ನದಲ್ಲದ ಒಂದು ನಂಬಿಕೆಯ ಸೂಕ್ಷ್ಮ ತಪ್ಪಬಾರದೆಂದು ಅವಳು ಸಂಜೆಯವರೆಗೂ ಕೂತು ಪರಿಶೀಲಿಸುತ್ತಾಳೆ. ಕಸುಬಿನ ನಿಷ್ಠೆ ಪರಧರ್ಮದ ಗೌರವವೂ ಆಗುವ ಈ ಗಳಿಗೆಯನ್ನು ನಾನು ಬಹಳ ದೊಡ್ಡದೆಂದು ನಂಬುತ್ತೇನೆ. ರಜೆಯ ಪಟ್ಟಿಯೂ ಅವಳ ಕೆಲಸದ ಭಾಗವೇ. ಸೌದಿ ಅರೇಬಿಯ 2013ರಲ್ಲಿ ವಾರದ ರಜೆಯನ್ನು ಗುರುವಾರ, ಶುಕ್ರವಾರದಿಂದ ಶುಕ್ರವಾರ, ಶನಿವಾರಕ್ಕೆ ಸರಿಸಿತು. ಯುಎಇ 2022ರ ಜನವರಿಯಿಂದ ಶನಿವಾರ, ಭಾನುವಾರಕ್ಕೆ ಬಂತು. ಈದ್ ಯಾವತ್ತೆಂದು ಚಂದ್ರ ಕಂಡ ಮೇಲೆಯೇ ತೀರ್ಮಾನ. ಮರುದಿನ ಬ್ಯಾಂಕು ತೆರೆದಿದೆಯೋ ಇಲ್ಲವೋ ಎಂದು ಕಂಪ್ಯೂಟರಿಗೆ ಹಿಂದಿನ ರಾತ್ರಿ ಹೇಳಬೇಕು.

ಹೀಗೆ ಹೊರಗಿನವರ ಹಬ್ಬಕ್ಕೆ ನಾವು ತೋರುವ ಗೌರವ ಅಚ್ಚುಕಟ್ಟಾದದ್ದು. ಒಳಗಿನವರ ಹಬ್ಬದ ಮಾತು ಬಂದಾಗ ಅದೇ ಅಚ್ಚುಕಟ್ಟು ಕಾಣುವುದಿಲ್ಲ, ನನ್ನ ಕೊರಗು ಅದೇ. ಕರ್ನಾಟಕದ ಕೈಗಾರಿಕಾ ಸಂಸ್ಥೆಗಳ ರಜಾ ಕಾಯ್ದೆ 1963ರದು. ಗಣರಾಜ್ಯ ದಿನ, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ. ಇವುಗಳ ಮೇಲೆ ಹಬ್ಬಕ್ಕೆಂದು ಐದು ದಿನ. ಸಂಕ್ರಾಂತಿ, ಯುಗಾದಿ, ಗಣೇಶ, ಆಯುಧಪೂಜೆ, ದೀಪಾವಳಿ ಬರೆದರೆ ಐದೂ ಮುಗಿದವು. ಆಯುಧಪೂಜೆಯ ಬದಲು ವಿಜಯದಶಮಿ ಬರೆದಿದ್ದು, 2025ರ ಹಾಗೆ ಅದು ಗಾಂಧಿ ಜಯಂತಿಯ ದಿನವೇ ಬಂದರೆ ಕೂಲಿಯವನ ಪಾಲಿಗೆ ಒಂದು ರಜೆ ಮಾಯ.

ಇವತ್ತಿನ ಪೀಣ್ಯದಲ್ಲಿ ಮಷೀನಿನ ಮುಂದೆ ನಿಂತಿರುವವರು ಮಾಗಡಿ, ತುಮಕೂರಿನವರು ಮಾತ್ರವಲ್ಲ. ಒಡಿಶಾ, ಬಿಹಾರ, ಬಂಗಾಳದ ಹುಡುಗರು ದಂಡಿಯಾಗಿದ್ದಾರೆ. ಅವರ ಆಯುಧಪೂಜೆ ಸೆಪ್ಟೆಂಬರ್ 17ರ ವಿಶ್ವಕರ್ಮ ಪೂಜೆ. 2025ರಲ್ಲಿ ಎರಡೇ ವಾರದ ಅಂತರದಲ್ಲಿ ಒಂದೇ ಲೇತು ಎರಡು ಬಾರಿ ಪೂಜೆ ಪಡೆಯಬೇಕಾದದ್ದು. ಕೆಲವು ಶೆಡ್ಡುಗಳಲ್ಲಿ ಪಡೆಯುತ್ತದೆ ಕೂಡ: ಮಧ್ಯಾಹ್ನ ಒಂದು ಗಂಟೆ ಮಷೀನು ನಿಲ್ಲಿಸಿ, ವಿಶ್ವಕರ್ಮನ ಪಟವಿಟ್ಟು, ಬೂಂದಿ ಹಂಚಿ ಮತ್ತೆ ಶುರು. ಉಳಿದ ಕಡೆ ಅವತ್ತು ಮಾಮೂಲಿ ಬುಧವಾರ. ದೀಪಾವಳಿಯ ಆರನೇ ದಿನ ಬರುವ ಛಠ್‌ಗೆ ಬಿಹಾರದ ಹುಡುಗರು ಹೇಳದೆ ಕೇಳದೆ ರೈಲು ಹತ್ತುತ್ತಾರೆ ಎಂದು ಮಾಲೀಕರು ಗೊಣಗುತ್ತಾರೆ. ಹೇಳಿದರೆ ಬಿಡುವುದಿಲ್ಲ ಎಂದು ಹುಡುಗರಿಗೆ ಗೊತ್ತು. ಟೂಲ್ ರೂಮಿನಲ್ಲಿ ಇಪ್ಪತ್ತು ವರ್ಷದಿಂದ ಗ್ರೈಂಡಿಂಗ್ ಮಾಡುವ, ಆಯುಧಪೂಜೆಯಲ್ಲಿ ಎಲ್ಲರಿಗಿಂತ ಮೊದಲು ತನ್ನ ಮಷೀನು ತೊಳೆದು ಹಾರ ಹಾಕುವ ಸಾಬರಿಗೆ ಈದ್ ರಜೆ ಪಟ್ಟಿಯಲ್ಲಿಲ್ಲ. ಅವರು ಸಿಎಲ್ ಹಾಕಬೇಕು.

ಚೀನೀ ಹೊಸ ವರ್ಷಕ್ಕೆ ಎರಡು ತಿಂಗಳು ಮೊದಲೇ ಸ್ಟಾಕು ಮಾಡುವ ಕೈಗೆ ಛಠ್‌ಗೆ ಎರಡು ವಾರ ಮೊದಲು ಪ್ಲಾನು ಮಾಡುವುದು ಕಷ್ಟವಲ್ಲ. ಒಪ್ಪಿಕೊಂಡ ಶೆಡ್ಡುಗಳಲ್ಲಿ ಕೆಲಸ ಕೆಟ್ಟಿಲ್ಲ. ದೀಪಾವಳಿಯ ಪಾಳಿಯನ್ನು ಸಾಬರು ಹಿಡಿಯುತ್ತಾರೆ, ಈದ್ ದಿನ ಗ್ರೈಂಡರ್ ಮುಂದೆ ತುಮಕೂರಿನವನು ನಿಲ್ಲುತ್ತಾನೆ. ಒಡಿಶಾದವನು ಯುಗಾದಿಗೆ ಬಂದು ದುಡಿದು ಆ ರಜೆಯನ್ನು ಸೆಪ್ಟೆಂಬರ್ 17ಕ್ಕೆ ಎತ್ತಿಟ್ಟುಕೊಳ್ಳುತ್ತಾನೆ. ‘ನಿಮ್ಮ ಹಬ್ಬ ನಾನು ನೋಡ್ಕೋತೀನಿ ಬಿಡಿ ಅಣ್ಣ’ ಎಂಬ ಮಾತಿನ ಮೇಲೆ ನಡೆಯುವ ಈ ಅದಲುಬದಲನ್ನು ಕಾಗದದ ಮೇಲೆ ತರಬೇಕು. ಹೊರದೇಶದ ಪಾರ್ಟಿಗೆ ವರ್ಷದ ಮೊದಲಲ್ಲಿ ಕಳಿಸುವ ಶೆಡ್ಯೂಲಿನಲ್ಲಿ ವಿಶ್ವಕರ್ಮ ಪೂಜೆ, ಛಠ್‌ನ ನಾಲ್ಕು ದಿನ, ಚಂದ್ರನಿಗಾಗಿ ಒಂದು ದಿನ ಆಚೀಚೆ ಬಿಟ್ಟ ಎರಡು ಈದ್, ವರಮಹಾಲಕ್ಷ್ಮಿಯ ಶುಕ್ರವಾರ ಎಲ್ಲವೂ ಇರಲಿ. ಭಾನುವಾರ ಲಾರಿ ಬಿಡದ ದೇಶದವರಿಗೆ ಇದು ಅರ್ಥವಾಗದ ಮಾತೇನಲ್ಲ. ಮಾತುಕತೆ ಡಿಸೆಂಬರಿನಲ್ಲಿ ಆಗಬೇಕು, ರಜಾಪಟ್ಟಿ ಸಹಿಗೆ ಹೋಗುವ ಮೊದಲು. ಎಲ್ಲ ಪಾಳಿಯವರನ್ನೂ ಕೂರಿಸಿಕೊಂಡು, ಹಿಂದಿ, ಒಡಿಯಾ ಬಲ್ಲ ಒಬ್ಬನನ್ನು ಪಕ್ಕಕ್ಕಿಟ್ಟುಕೊಂಡು.